ಕೊಂಡಿ ತೆಗೆಯುವ ಮುನ್ನ ಒಂದು ಪದ್ಯ

ಜೂನ್ ೧೦, ೨೦೦೭, ಭಾನುವಾರ

ಇವತ್ತು ನನಗೂ ಉಪ್ಪಿನಕಾಯಿ ಜಾಡಿಗೂ ಜಗಳ. ಜಾಡಿ ಗೆದ್ದಿತು. ಇವರು ಬಂದು ಒಂದೇ ಸಲಕ್ಕೆ ಮುಚ್ಚಳ ತಿರುಗಿಸಿ, ಪೈಲ್ವಾನರ ಹಾಗೆ ಅತ್ತಿತ್ತ ನೋಡಿ, ಇನ್ನೂ ಎಷ್ಟು ದಿನ ಹೀಗೆ ಎಂದು ಕೇಳಿದರು.

ಬೇಸಿಗೆಯಿಂದಲೂ ಬೆರಳಿನ ಗೆಣ್ಣುಗಳು ಬೆಳಗಿನ ಹೊತ್ತು ನನ್ನ ಮಾತು ಕೇಳುತ್ತಿಲ್ಲ. ಕಾಲೇಜಿನಲ್ಲಿ ಸೀಮೆಸುಣ್ಣ ಹಿಡಿದರೆ ಕೊಂಬು, ಒತ್ತು ಎಲ್ಲಾ ಅರ್ಧಂಬರ್ಧ. ಹಾಗೆ ಬರೆದರೂ ನನ್ನ ಪಿಯುಸಿ ಮಕ್ಕಳು ಗಮನಿಸಿಲ್ಲ. ಸೈನ್ಸ್ ಮಕ್ಕಳಿಗೆ ಕನ್ನಡ ಪೀರಿಯಡ್ ಅಂದರೆ ಫಿಸಿಕ್ಸ್ ಲೆಕ್ಕ ಮಾಡುವ ಪೀರಿಯಡ್. ಬೀದಿಯ ತುದಿಯ ಡಾಕ್ಟರು ಮಾತ್ರೆ ಕೊಟ್ಟು, ರಕ್ತ ಪರೀಕ್ಷೆ ಮಾಡಿಸಿ ಅಂದಿದ್ದರು. ವಯಸ್ಸಿನ ನೋವಿಗೆ ರಕ್ತ ಯಾಕೆ ಕೊಡಬೇಕು ಎಂದು ನಾನೇ ಬಿಟ್ಟಿದ್ದೆ.

ಇವರಿಗೆ ಪಾರ್ಕಿನಲ್ಲಿ ಹೊಸ ವಿದ್ಯೆ ಸಿಕ್ಕಿದೆ. ಇವರ ಆಫೀಸಿನಲ್ಲೇ ಇದ್ದ ಶಂಭುಲಿಂಗಪ್ಪ ಎನ್ನುವವರು ರಿಟೈರ್ ಆದ ಮೇಲೆ ನಾಗರಬಾವಿಯ ತಮ್ಮ ಮನೆಯ ತಾರಸಿಯಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದಾರಂತೆ. ನೋವಿರುವ ಜಾಗಕ್ಕೆ ಜೇನುಹುಳ ಬಿಟ್ಟು ಕಚ್ಚಿಸುತ್ತಾರಂತೆ. ವಿಷ ಒಳಗೆ ಹೋಗಿ ನೋವನ್ನು ಓಡಿಸುತ್ತದಂತೆ. ಇಷ್ಟು ಅಂತೆಗಳನ್ನು ಒಟ್ಟಿಗೆ ಕೇಳಿ ಬಹಳ ದಿನವಾಗಿತ್ತು.

ನಿಮ್ಮ ಸೊಂಟ ನೋವಿಗೆ ಮೊದಲು ನೀವು ಕಚ್ಚಿಸಿಕೊಳ್ಳಿ ಎಂದೆ. ನಮ್ಮ ಯಜಮಾನರು ಸೇತುರಾಮ್ ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಜೂನ್ ೧೭, ಭಾನುವಾರ

ಹೋಗಿ ಬಂದೆವು. ಇವರ ಬೈಗುಳ ತಪ್ಪಿಸಿಕೊಳ್ಳಲು ಹೋದೆ ಎಂದು ಇಲ್ಲಿ ಬರೆದಿಡುತ್ತೇನೆ. ನಿಜವಾಗಿ ಹೋದದ್ದು ಕುತೂಹಲಕ್ಕೆ.

ತಾರಸಿಯ ಒಂದು ಮೂಲೆಯಲ್ಲಿ ಸಂಡಿಗೆ ಒಣಗುತ್ತಿತ್ತು, ಇನ್ನೊಂದು ಮೂಲೆಯಲ್ಲಿ ನೀಲಿ ಬಣ್ಣದ ನಾಲ್ಕು ಪೆಟ್ಟಿಗೆ. ನಡುವೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮಂಡಿ ತೆರೆದವರು, ಬೆನ್ನು ತೆರೆದವರು, ತೋಳು ಮೇಲೆ ಮಡಚಿದವರು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತ ಹಾಗೆ ಕೂತಿದ್ದಾರೆ. ಶಂಭುಲಿಂಗಪ್ಪನವರು ಹೆಗಲ ಮೇಲೆ ಟವೆಲು ಹಾಕಿ, ಕೈಯಲ್ಲಿ ಚಿಮುಟ ಹಿಡಿದು ಬಡಿಸುತ್ತಾ ಬರುತ್ತಿದ್ದಾರೆ. ಒಳ್ಳೆಯ ಮನುಷ್ಯ. ಯಾರ ಹತ್ತಿರವೂ ಏನೂ ತೆಗೆದುಕೊಳ್ಳುವುದಿಲ್ಲ, ಹೊರಡುವಾಗ ಬಲವಂತವಾಗಿ ಮಜ್ಜಿಗೆ ಕುಡಿಸುತ್ತಾರೆ.

"ಮೊದಲ ದಿನ ಒಂದೇ ಹುಳ, ಮೇಡಂ. ಪರಿಚಯಕ್ಕೆ" ಎಂದು ನನ್ನ ತೋರುಬೆರಳ ಗೆಣ್ಣಿಗೆ ಅದನ್ನು ಒತ್ತಿದರು. ಬೆಂಕಿಕಡ್ಡಿ ಗೀರಿದ ಹಾಗಾಯಿತು. ಕೊಂಡಿ ನನ್ನಲ್ಲಿ ಉಳಿಯಿತು, ಹುಳ ಅಂಗೈಯಲ್ಲಿ ಒದ್ದಾಡಿ ಸುಮ್ಮನಾಯಿತು. ಕಚ್ಚಿದ ಹುಳ ಬದುಕುವುದಿಲ್ಲವಂತೆ. ನನಗಾಗಿ ಪ್ರಾಣ ಬಿಟ್ಟ ಮೊದಲ ಜೀವ ಇದು. ಮದುವೆಯ ಹೊಸದರಲ್ಲಿ ಇವರು ಹಾಗೆ ಮಾಡುತ್ತೇನೆ ಎಂದು ಬಾಯಲ್ಲಿ ಹೇಳಿದ್ದುಂಟು.

ಜೂನ್ ೧೮, ಸೋಮವಾರ

ಬೆರಳು ತೊಂಡೆಕಾಯಿಯಾಗಿದೆ. ಪಕ್ಕದ ಬೆರಳಿನ ನೋವು ಮಾತ್ರ ಕಡಿಮೆ. ಹೆದರಿಕೊಂಡಿರಬೇಕು.

ಜೂನ್ ೨೪, ಭಾನುವಾರ

ಇನ್ನು ಹೋಗುವುದಿಲ್ಲ ಎಂದುಕೊಂಡಿದ್ದೆ. ಇವರು ಸ್ಕೂಟರ್ ಹೊರಗೆ ತೆಗೆದು ಹಾರ್ನ್ ಮಾಡಿದರು, ಹೋದೆ.

ಇವತ್ತಿನದು ಬರೆಯಲೇಬೇಕು. ಸುಂಕದಕಟ್ಟೆಯ ಹನುಮಯ್ಯ ಎಂಬ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಮಂಡಿ ನೋವಿಗೆ ಬಂದಿದ್ದರು. ಆಳು ಬಾಗಿಲಿನಷ್ಟು ಎತ್ತರ, ಮೀಸೆ ಬೇರೆ. ಚಿಮುಟ ಇನ್ನೂ ಮೊಳ ದೂರದಲ್ಲಿರುವಾಗಲೇ ಅಮ್ಮಾ ಎಂದು ಶುರುಮಾಡಿದರು. ಚುಚ್ಚಿದ ಕೊಂಡಿಯನ್ನು ಕೂಡಲೇ ಕೀಳಬಾರದು, ಸ್ವಲ್ಪ ಹೊತ್ತು ಮೈಯಲ್ಲೇ ಇರಬೇಕು ಎನ್ನುವುದು ಶಂಭುಲಿಂಗಪ್ಪನವರ ನಿಯಮ. ಅಷ್ಟು ಹೊತ್ತೂ ಹನುಮಯ್ಯನವರು ನರಳಿದ್ದು ಕೇಳಿ ಸಾಲಿನಲ್ಲಿದ್ದ ಇಬ್ಬರು ಚಪ್ಪಲಿ ಹುಡುಕತೊಡಗಿದರು.

ನಾನು ನನ್ನ ಪಾಡಿಗೆ ಒಂದು ಪದ್ಯ ಗುನುಗುತ್ತಿದ್ದೆ. ನೋವಾದಾಗ ನನಗೆ ಬರುವುದು ದೇವರ ಹೆಸರಲ್ಲ, ಭಾಮಿನಿ ಷಟ್ಪದಿ. ಹುಡುಗಿಯಾಗಿದ್ದಾಗ ಗಮಕ ಕಲಿತದ್ದು ಹೀಗೆ ಎಲ್ಲೋ ಗಂಟಲಲ್ಲಿ ಉಳಿದಿದೆ. ಹನುಮಯ್ಯ ನರಳುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನಿಲ್ಲಿಸ್ಬೇಡಿ ಮೇಡಂ. ಗಮನ ಆ ಕಡೆ ಹೋಯ್ತು."

ಸರಿ, ಗಂಟಲು ಸರಿಮಾಡಿಕೊಂಡು ನಾಟಿ ರಾಗದಲ್ಲಿ ಯುದ್ಧದ ಪದ್ಯ ಓದಿದೆ. ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರೂ ನಿಂತರು. ಮುಗಿದ ಮೇಲೆ ಶಂಭುಲಿಂಗಪ್ಪನವರು ಟವೆಲಿನಲ್ಲಿ ಕೈ ಒರೆಸಿಕೊಂಡು ಹೊಸ ನಿಯಮ ಮಾಡಿದರು: ಇನ್ನು ಮೇಲೆ ಮೇಡಂ ಪದ್ಯ ಮುಗಿಯುವವರೆಗೆ ಯಾರೂ ಕೊಂಡಿ ತೆಗೆಯುವ ಹಾಗಿಲ್ಲ.

ಜುಲೈ ೮, ಭಾನುವಾರ

ಜಾಡಿಯ ಮುಚ್ಚಳ ಇವತ್ತು ತೆರೆಯಿತು. ಜಾಡಿ ಅರ್ಧ ಖಾಲಿಯಾಗಿ ಮುಚ್ಚಳವೇ ಸಡಿಲವಾಗಿದೆ ಎಂದು ಇವರು ಅಂದರು. ಹೊಟ್ಟೆಕಿಚ್ಚು.

ತಾರಸಿಯಲ್ಲಿ ಕುರ್ಚಿ ಸಾಲದೆ ಚಾಪೆ ಹಾಸಿದ್ದರು. ಈಗ ನನಗೆ ಮೂರು ಹುಳ. ನನ್ನದನ್ನು ಮೊದಲು ಹಾಕಿಸಿಕೊಂಡು ನಾನು ಓದಲು ಶುರುಮಾಡುವುದು, ಉಳಿದವರಿಗೆ ಶಂಭುಲಿಂಗಪ್ಪನವರು ಹಾಕುತ್ತಾ ಬರುವುದು. ಕೊನೆಯ ಸಾಲಿಗೆ ಮೊದಲು ಕೊಂಚ ಆಲಾಪನೆ ಎಳೆದೆ. ಯಾರೂ ಎದ್ದು ಹೋಗಲಿಲ್ಲ. ಮೈಯಲ್ಲಿ ಕೊಂಡಿ ಇಟ್ಟುಕೊಂಡು ಯಾರು ತಾನೆ ಎದ್ದು ಹೋಗುತ್ತಾರೆ? ಇನ್ನೂ ಸ್ವಲ್ಪ ಎಳೆದೆ.

ಜುಲೈ ೧೧, ಬುಧವಾರ

ಸೆಕೆಂಡ್ ಪಿಯು ಕ್ಲಾಸು. ಅರ್ಧ ಪದ್ಯ ಓದುವಷ್ಟರಲ್ಲಿ ಹಿಂದಿನ ಬೆಂಚಿನಿಂದ, ಇದು ಎಕ್ಸಾಮಿಗೆ ಬರುತ್ತಾ ಮೇಡಂ ಎಂಬ ಪ್ರಶ್ನೆ. ಬರುವುದಿಲ್ಲ ಎಂದೆ. ಅರವತ್ತು ಪುಸ್ತಕಗಳು ಒಟ್ಟಿಗೆ ಮುಚ್ಚಿಕೊಂಡವು.

ಒಂದು ಜೇನುಪೆಟ್ಟಿಗೆಯನ್ನು ಕ್ಲಾಸಿಗೆ ತರುವ ವಿಚಾರ ಮನಸ್ಸಿನಲ್ಲಿ ಸುಳಿಯಿತು. ಪ್ರಿನ್ಸಿಪಾಲರ ಅನುಮತಿ ಸಿಗಲಿಕ್ಕಿಲ್ಲ.

ಜುಲೈ ೨೨, ಭಾನುವಾರ

ಹಾಲವ್ವ ಎನ್ನುವ ಹೆಂಗಸು ಎರಡು ವಾರದಿಂದ ಬರುತ್ತಿದ್ದಾಳೆ. ಹಾವೇರಿ ಕಡೆಯವಳು, ಸುಂಕದಕಟ್ಟೆಯಲ್ಲಿ ಮನೆ ಮಾಡಿ ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಬಡಿದು ಬಡಿದು ಎರಡೂ ಮಣಿಕಟ್ಟು ಹೋಗಿದೆ. ನನ್ನ ಎದುರಿಗೇ ಕೂತು ಬಾಯಿ ತೆರೆದುಕೊಂಡು ಕೇಳುತ್ತಾಳೆ. ಇವತ್ತು ವನವಾಸದ ಭಾಗ ಓದಿದೆ. ಅವಳ ಕಣ್ಣಲ್ಲಿ ನೀರು. "ಭಾಳ ಛಲೋ ಹಾಡ್ತೀರಿ ಅಕ್ಕಾರ" ಎಂದಳು. ಎಂ.ಎ.ಯಲ್ಲಿ ರ‍್ಯಾಂಕ್ ಬಂದ ದಿನವೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ಮನೆಗೆ ಬಂದು ಹೇಳಿದರೆ ಇವರು, ಕಣ್ಣೀರು ಪದ್ಯಕ್ಕೋ ಹುಳಕ್ಕೋ ಎಂದು ಕೇಳುತ್ತಾರೆ. ಕರುಣರಸ ಗೊತ್ತಿಲ್ಲದ ಜನ.

ಆಗಸ್ಟ್ ೫, ಭಾನುವಾರ

ಆರು ಹುಳ. ಶಂಭುಲಿಂಗಪ್ಪನವರು ನಾಲ್ಕು ಸಾಕು ಅಂದರು. ಆರು ಆದರೆ ಎರಡು ಪದ್ಯಕ್ಕೆ ಸರಿಹೋಗುತ್ತದೆ ಎಂದು ನಾನೇ ಒತ್ತಾಯ ಮಾಡಿದೆ.

ತೋಳಿನ ಮೇಲೆ ಕೆಂಪು ಗಂಧೆಗಳು ಬಂದು ಹೋಗುತ್ತಿದ್ದವು, ಈಗ ಹೋಗುವುದನ್ನು ಮರೆತಿವೆ. ಬಿಸಿಲಲ್ಲಿ ಕೂತು ಬಂದರೆ ಕೆನ್ನೆ ಚುರುಗುಡುತ್ತದೆ. ಬಾಯಲ್ಲಿ ಹುಣ್ಣು, ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಆಷಾಢದ ಗಾಳಿ ಇರಬೇಕು. ಶಂಭುಲಿಂಗಪ್ಪನವರನ್ನು ಕೇಳಿದೆ. ಒಳಗೆ ಎಷ್ಟು ವರ್ಷದಿಂದ ಕೂತಿದ್ದ ವಿಷವೋ, ಈಗ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ ಎಂದರು. ಇಷ್ಟು ವರ್ಷ ಸೈನ್ಸ್ ಮಕ್ಕಳಿಗೆ ಕನ್ನಡ ಕಲಿಸಿದವಳ ಒಳಗೆ ವಿಷ ಇರುವುದು ಸಹಜ ಎಂದು ನನಗೂ ಅನ್ನಿಸಿತು.

ಇವರು ಮಾತ್ರ ರಾಗ ಬದಲಾಯಿಸಿದ್ದಾರೆ. ಸಾಕು ಬಿಡು, ಇನ್ನು ಹೋಗಬೇಡ ಎನ್ನುತ್ತಾರೆ. ಪಾರ್ಕಿನ ವಿದ್ಯೆ ತಂದವರು ಯಾರು ಎಂದು ಕೇಳಿದೆ. ಸ್ಕೂಟರ್ ಬೀಗದ ಕೈ ಬಚ್ಚಿಟ್ಟಿದ್ದರು. ನಾಗರಬಾವಿಗೆ ಬಸ್ಸುಗಳು ಓಡಾಡುತ್ತವೆ ಎನ್ನುವುದು ಅವರಿಗೆ ನೆನಪಿಲ್ಲ.

ಆಗಸ್ಟ್ ೨೪, ಶುಕ್ರವಾರ

ವರಮಹಾಲಕ್ಷ್ಮಿ. ಅರಿಶಿನ ಕುಂಕುಮಕ್ಕೆ ನಮ್ಮ ಬೀದಿಯ ಐದು ಮನೆಗೆ ಹೋದೆ, ಐದು ಮನೆಯಲ್ಲೂ ಒಂದೇ ಮಾತು. ಏನ್ರೀ ತುಂಗಾ, ಕೆನ್ನೆ ಕೆಂಪಗಾಗಿ ಏನು ಕಳೆ ಬಂದಿದೆ, ಲಕ್ಷ್ಮಿ ಮುಖದಲ್ಲೇ ಕೂತಿದ್ದಾಳೆ. ಒಬ್ಬರು ಯಾವ ಕ್ರೀಮು ಎಂದು ಅಡುಗೆಮನೆಗೆ ಕರೆದು ಗುಟ್ಟಾಗಿ ಕೇಳಿದರು. ನಾನು ಜೇನು ಎಂದೆ. ಸುಳ್ಳಲ್ಲ. ಅವರು ನಾಳೆಯಿಂದ ಜೇನುತುಪ್ಪ ಹಚ್ಚಿಕೊಳ್ಳುತ್ತಾರೆ, ಇರುವೆ ಬಂದರೆ ನನ್ನ ಹೊಣೆಯಲ್ಲ.

ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಎರಡು ಕೆನ್ನೆ, ನಡುವೆ ಮೂಗಿನ ಮೇಲೆ ಸೇತುವೆ. ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗಿದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಮುಖಕ್ಕೆ ಉಪಮೆ ಸಿಗುವುದು ಎಷ್ಟು ಜನಕ್ಕೆ! ಅರಿಶಿನ ಸ್ವಲ್ಪ ಹೆಚ್ಚು ಹಚ್ಚಿದೆ. ಉರಿಯಿತು.

ಇವರು ಕಳೆ ಎನ್ನಲಿಲ್ಲ. ದೀಪದ ಹತ್ತಿರ ನಿಲ್ಲಿಸಿ ನೋಡಿ, ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಎಂದು ಮಾತ್ರ ಹೇಳಿದರು.

ಆಗಸ್ಟ್ ೨೭, ಸೋಮವಾರ

ಚರ್ಮದ ಡಾಕ್ಟರು ಶುಭಾ. ಹೆಸರು ನೋಡಿದಾಗ ಹೊಳೆಯಲಿಲ್ಲ, ಒಳಗೆ ಹೋದ ಮೇಲೆ ಗುರುತು ಸಿಕ್ಕಿತು. ನನ್ನದೇ ವಿದ್ಯಾರ್ಥಿನಿ. ಹಿಂದಿನ ಬೆಂಚು, ಕನ್ನಡ ಪುಸ್ತಕದೊಳಗೆ ಕೆಮಿಸ್ಟ್ರಿ ಗೈಡು. ಎದ್ದು ನಿಂತು ಮೇಡಂ ಅಂದಳು. ಕೂತ್ಕೊಳ್ಳಮ್ಮ ಎಂದೆ, ಅವಳದೇ ಕ್ಲಿನಿಕ್ಕಿನಲ್ಲಿ.

ಕೆನ್ನೆ ನೋಡಿದಳು, ಬಾಯಿ ತೆರೆಸಿದಳು, ಬೆರಳು ಒತ್ತಿದಳು. ಹೊಸದಾಗಿ ಏನಾದರೂ ಔಷಧಿ, ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಳು. ಇವರು ಬಾಯಿ ತೆರೆಯುವ ಮೊದಲೇ ನಾನು, ಏನೂ ಇಲ್ಲ, ಬರೀ ಕಷಾಯ ಎಂದೆ. ಇವರು ನನ್ನನ್ನೇ ನೋಡಿದರು. ನಾನು ಗೋಡೆಯ ಮೇಲಿನ ಚರ್ಮದ ಚಿತ್ರ ನೋಡಿದೆ. ಬಿಡಿಸಿಟ್ಟರೆ ಎಷ್ಟೊಂದು ಪದರ!

ರಕ್ತ, ಮೂತ್ರ ಎಲ್ಲಾ ಪರೀಕ್ಷೆಗೆ ಕೊಟ್ಟು ಬಂದೆವು. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಇವರು, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರು. ಹೇಳಿದರೆ ನಿಲ್ಲಿಸು ಅನ್ನುತ್ತಾಳೆ ಎಂದೆ. ನಿಲ್ಲಿಸಿದರೆ ಏನು, ಬೆರಳು ನೋವು ಮತ್ತೆ ಶುರುವಾಗಿಯೇ ಇದೆಯಲ್ಲ ಎಂದರು. ಇವರಿಗೆ ಅದು ಹೇಗೆ ಗೊತ್ತಾಯಿತೋ. ಎರಡು ವಾರದಿಂದ ಜಾಡಿಯನ್ನು ನಾನು ಮುಟ್ಟಿಲ್ಲ ಎನ್ನುವುದನ್ನು ಗಮನಿಸಿರಬೇಕು.

ಸೆಪ್ಟೆಂಬರ್ ೨, ಭಾನುವಾರ

ಗಾಂಧಿ ಬಜಾರಿಗೆ ಪುಸ್ತಕ ತರಲು ಹೋಗುತ್ತೇನೆ ಎಂದು ಹೇಳಿ ನಾಗರಬಾವಿ ಬಸ್ಸು ಹತ್ತಿದೆ. ಈ ವಯಸ್ಸಿನಲ್ಲಿ ಮನೆಯಲ್ಲಿ ಸುಳ್ಳು ಹೇಳಿ ಹೊರಡುವುದರಲ್ಲಿ ಒಂದು ರುಚಿ ಇದೆ. ಕಾಲೇಜು ಹುಡುಗಿಯರು ಅದನ್ನೆಲ್ಲಾ ತಾವೇ ಖರ್ಚು ಮಾಡಿಬಿಡುತ್ತಾರೆ.

ಮೈ ಬಿಸಿಯಿತ್ತು. ತಾರಸಿಯ ಮೆಟ್ಟಿಲ ನಡುವೆ ಕೂತು ಏಳಬೇಕಾಯಿತು. ಓದು ಮಾತ್ರ ಇವತ್ತಿನಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ. ಕೆಳಗಿನ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುವುದನ್ನು ಬಿಟ್ಟು ನಿಂತಿದ್ದನಂತೆ.

ವಾಪಸು ಬರುವಾಗ ಪುಸ್ತಕ ಎಲ್ಲಿ ಎಂದು ಕೇಳಿಯಾರೆಂದು ವಿಜಯನಗರದಲ್ಲಿ ಇಳಿದು ಒಂದು ಪಂಚಾಂಗ ಕೊಂಡೆ.

ಸೆಪ್ಟೆಂಬರ್ ೫, ಬುಧವಾರ

ಶಿಕ್ಷಕರ ದಿನಾಚರಣೆ. ಶುಭಾ ಗುಲಾಬಿ ಕೊಟ್ಟಳು. ಆಮೇಲೆ ರಿಪೋರ್ಟು ಬಿಚ್ಚಿದಳು.

ಕಾಯಿಲೆಯ ಹೆಸರು ಲೂಪಸ್. ಮೈಯ ಕಾವಲಿಗೆ ಇರುವ ರಕ್ತವೇ ಮನೆಯವರನ್ನು ಕಳ್ಳರು ಎಂದು ತಿಳಿದು ಹೊಡೆಯುವ ಕಾಯಿಲೆ. ಚರ್ಮ, ಕೀಲು, ಹಾಗೇ ಬಿಟ್ಟರೆ ಮೂತ್ರಪಿಂಡ. ಮೂತ್ರದ ಪರೀಕ್ಷೆ ಇನ್ನೊಂದು ಸಲ ಮಾಡಬೇಕು, ಮೊದಲ ಸಲದ್ದು ಅವಳಿಗೆ ಸಮಾಧಾನ ಕೊಟ್ಟಿಲ್ಲ.

ತೋಳು ಚಾಚಿ ಅಂದಳು. ಚಾಚಿದೆ. ಗೆಣ್ಣುಗಳ ಸುತ್ತ, ಮಣಿಕಟ್ಟಿನ ಮೇಲೆ, ಸಾಲಾಗಿ ಚುಕ್ಕೆಗಳು. ರಂಗೋಲಿಗೆ ಇಟ್ಟ ಹಾಗೆ.

"ಮೇಡಂ, ಇದು ಸೊಳ್ಳೆ ಅಲ್ಲ. ಏನು ಇದು?"

ವಿದ್ಯಾರ್ಥಿನಿಯ ಮುಂದೆ ತಲೆ ತಗ್ಗಿಸಿ ಕೂರುವುದು ಹೇಗಿರುತ್ತದೆ ಎಂದು ಗೊತ್ತಾಯಿತು. ಎಲ್ಲಾ ಹೇಳಿದೆ. ತಾರಸಿ, ಪೆಟ್ಟಿಗೆ, ಆರು ಹುಳ. ಇವರು ನಡುವೆ ಬಾಯಿ ಹಾಕಿ, ಕರೆದುಕೊಂಡು ಹೋದವನು ನಾನು ಎಂದರು.

ಶುಭಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬೇಸಿಗೆಯ ಬೆರಳು ನೋವೇ ಇದರ ಶುರು ಇರಬಹುದು, ಜೇನಿನ ವಿಷವೇ ಕಾರಣ ಎಂದು ತಾನು ಆಣೆ ಮಾಡಿ ಹೇಳಲಾರೆ ಎಂದಳು. ಆದರೆ ಹೀಗೆ ಕಚ್ಚಿಸಿಕೊಂಡ ಮೇಲೆ ಲೂಪಸ್ ಕಾಣಿಸಿಕೊಂಡವರು, ಚರ್ಮ ಹಲಗೆಯ ಹಾಗೆ ಗಟ್ಟಿಯಾದವರು ಇದ್ದಾರೆ ಎಂದು ವೈದ್ಯರ ಪತ್ರಿಕೆಗಳಲ್ಲಿ ಬಂದಿದೆಯಂತೆ. ಮೊದಲೇ ಸಿಟ್ಟಿನಲ್ಲಿರುವ ಕಾವಲುಗಾರನನ್ನು ವಾರವಾರವೂ ಕೆಣಕಿದ ಹಾಗೆ. ಅಲ್ಲದೆ ಕೆಲವರಿಗೆ ಒಂದೇ ಹುಳಕ್ಕೆ ಉಸಿರು ಕಟ್ಟಿ ಪ್ರಾಣವೂ ಹೋಗುತ್ತದೆ, ತಾರಸಿಯ ಮೇಲೆ ಅದಕ್ಕೆ ಇಂಜೆಕ್ಷನ್ ಇಟ್ಟಿದ್ದಾರಾ ಎಂದು ಕೇಳಿದಳು. ಮಜ್ಜಿಗೆ ಇಟ್ಟಿದ್ದಾರೆ ಎಂದೆ. ಅವಳು ನಗಲಿಲ್ಲ.

ನಾನು ಆಲಾಪನೆ ಎಳೆದದ್ದರಿಂದ ಎಲ್ಲರಿಗೂ ವಿಷ ಹೆಚ್ಚು ಹೋಯಿತೇನೋ ಎಂದು ಸಂಕಟದಿಂದ ಕೇಳಿದೆ. ಹಾಗೇನಿಲ್ಲ ಮೇಡಂ, ವಿಷದಲ್ಲಿ ಹೆಚ್ಚು ಪಾಲು ಮೊದಲ ಅರ್ಧ ನಿಮಿಷದಲ್ಲೇ ಒಳಗೆ ಹೋಗಿಬಿಡುತ್ತದೆ, ನಿಮ್ಮ ಪದ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದಳು. ಸಮಾಧಾನವಾಗಬೇಕಿತ್ತು. ಅಷ್ಟು ಎಳೆದದ್ದಕ್ಕೆ ಏನೂ ಪರಿಣಾಮ ಇಲ್ಲವೆಂದರೆ ಯಾಕೋ ಬೇಜಾರಾಯಿತು.

ಸೆಪ್ಟೆಂಬರ್ ೬, ಗುರುವಾರ

ಕೊಟ್ಟ ಮಾತ್ರೆ ಮಲೇರಿಯಾಕ್ಕೂ ಕೊಡುವಂಥದ್ದಂತೆ. ಜೇನು ಕಚ್ಚಿಸಿಕೊಂಡವಳಿಗೆ ಸೊಳ್ಳೆಯ ಮದ್ದು. ಬಿಸಿಲಿಗೆ ಹೋಗಬಾರದು. ಇವರಿಗೆ ಇದನ್ನು ಹೇಳಿ ನಗಿಸಲು ನೋಡಿದೆ. ಬೆಳಗ್ಗೆಯಿಂದ ಒಂದು ಕುಚೋದ್ಯವೂ ಆಡದೆ ಕಿಟಕಿಗಳಿಗೆ ದಪ್ಪ ಪರದೆ ಹಾಕುತ್ತಿದ್ದಾರೆ. ಕಾಯಿಲೆಗಿಂತ ಇದು ಹೆದರಿಕೆ ಹುಟ್ಟಿಸುತ್ತದೆ.

ಸೆಪ್ಟೆಂಬರ್ ೯, ಭಾನುವಾರ

ತಾರಸಿಯವರಿಗೆ ವಿಷಯ ತಿಳಿಸಿ ಬರುತ್ತೇನೆ ಎಂದು ಇವರಿಗೆ ಹೇಳಿದೆ. ಛತ್ರಿ ಹಿಡಿಸಿ, ತಾವೇ ಕರೆತಂದು ಬಿಟ್ಟು, ಕೆಳಗೆ ಸ್ಕೂಟರಿನ ಹತ್ತಿರ ಕಾದರು.

ತಿಳಿಸಲಿಲ್ಲ. ಮುಖಕ್ಕೆ ಪೌಡರ್ ಬಳಿದುಕೊಂಡಿದ್ದೆ. ಇವತ್ತು ನನಗೆ ಹುಳ ಬೇಡ, ಜ್ವರ ಎಂದೆ. ಹಾಗಿದ್ದರೆ ನೆರಳಲ್ಲಿ ಕೂತು ಓದಿ ಎಂದು ಶಂಭುಲಿಂಗಪ್ಪನವರು ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಸಿದರು. ಮೊದಲು ಎಲ್ಲರಿಗೂ ಹೇಳಿಬಿಡುವುದು, ಆಮೇಲೆ ಓದುವುದು ಎಂದುಕೊಂಡೆ. ಆಮೇಲೆ, ಮೊದಲು ಓದಿ ಆಮೇಲೆ ಹೇಳುವುದು ಒಳ್ಳೆಯದು ಅನ್ನಿಸಿತು. ಓದಿದೆ. ಮಜ್ಜಿಗೆ ಬಂತು.

ಹೊಸದಾಗಿ ಒಬ್ಬಳು ಬಂದಿದ್ದಳು, ಉಲ್ಲಾಳದ ಕಡೆಯವಳು, ಇನ್ನೂ ಮೂವತ್ತಾಗಿರಲಿಕ್ಕಿಲ್ಲ. ಬೆರಳು ಮಡಚಲಾಗುವುದಿಲ್ಲ ಎನ್ನುತ್ತಿದ್ದಳು. ಹೆದರಿ ಹಿಂದೆ ಸರಿದಾಗ ಹಾಲವ್ವ ಅವಳ ಭುಜ ಹಿಡಿದು ನನ್ನ ಕಡೆ ತೋರಿಸಿದಳು. "ಅಕ್ಕಾರನ್ನ ನೋಡ. ಎಂ.ಎ. ಕಲ್ತಾರ, ಕಾಲೇಜಿನ್ಯಾಗ ಪಾಠಾ ಹೇಳ್ತಾರ. ಅಂಥವ್ರ ಕಚ್ಚಿಸಿಕೊಂತಾರಂದ್ರ ನಿನಗೇನ ಹೆದರಿಕಿ?"

ಹುಡುಗಿ ಕೈ ಚಾಚಿದಳು.

ಇವರು ಕೆಳಗೆ, ಹೇಳಿದೆಯಾ ಎಂದು ಕೇಳಿದರು. ಹೇಳಿದೆ ಎಂದೆ.

ಸೆಪ್ಟೆಂಬರ್ ೧೨, ಬುಧವಾರ

ಊಟ ಸೇರುತ್ತಿಲ್ಲ. ಮಾತ್ರೆಯ ಗುಣ.

ಸೆಪ್ಟೆಂಬರ್ ೧೩, ಗುರುವಾರ

ಮಾತ್ರೆಯದ್ದಲ್ಲ.

ಸೆಪ್ಟೆಂಬರ್ ೧೬, ಭಾನುವಾರ

ನಿನ್ನೆ ಗಣೇಶನ ಹಬ್ಬ. ಇವತ್ತು ತಾರಸಿಯಲ್ಲಿ ಮಜ್ಜಿಗೆಯ ಜೊತೆ ಕಡುಬೂ ಇತ್ತು. ಇವತ್ತು ಪೌಡರ್ ಹಚ್ಚಿಕೊಳ್ಳಲಿಲ್ಲ. ಇವರನ್ನೂ ಮೇಲಕ್ಕೆ ಕರೆದೆ. ಹೋದ ವಾರ ಹೇಳಿರಲಿಲ್ಲ ಎಂದು ಮೆಟ್ಟಿಲಲ್ಲಿ ಒಪ್ಪಿಕೊಂಡೆ. ಗೊತ್ತು ಕಣೇ ಎಂದರು. ಹೇಗೆ ಎಂದರೆ, ಹೇಳಿದ್ದರೆ ನೀನು ಅಷ್ಟು ಬೇಗ ಇಳಿದು ಬರುತ್ತಿರಲಿಲ್ಲ ಅಂದರು.

ಶಂಭುಲಿಂಗಪ್ಪನವರು ಚಿಮುಟ ಹಿಡಿಯುವ ಮೊದಲೇ ನಾನು ನಡುವೆ ನಿಂತು ಮಾತು ಶುರುಮಾಡಿದೆ. ಕೆನ್ನೆ ತೋರಿಸಿದೆ, ತೋಳು ತೋರಿಸಿದೆ. ಕಾಯಿಲೆಯ ಹೆಸರು ಹೇಳಿದೆ. ಶುಭಾ ಹೇಳಿದ್ದನ್ನೆಲ್ಲಾ ಹೇಳಿದೆ, ಆಣೆ ಮಾಡಲಾರೆ ಎಂದದ್ದನ್ನೂ ಬಿಡಲಿಲ್ಲ. ಉಲ್ಲಾಳದ ಹುಡುಗಿಯ ಕಡೆ ತಿರುಗಿ, ನೀನು ಮೊದಲು ರಕ್ತ ಪರೀಕ್ಷೆ ಮಾಡಿಸಮ್ಮ, ನಾನು ಮಾಡಿಸದೆ ಕೆಟ್ಟೆ ಎಂದೆ. ಅವಳು ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಹನುಮಯ್ಯನವರು ಮೀಸೆ ತಿರುವಿ, ಮೈ ಮೈಗೂ ವ್ಯತ್ಯಾಸ ಇರುತ್ತದೆ ಮೇಡಂ, ನನ್ನ ಮಂಡಿಗೇನೂ ಆಗಿಲ್ಲ, ನಾನು ಹಾಕಿಸಿಕೊಳ್ಳುತ್ತೇನೆ ಎಂದರು. ಇನ್ನು ಕೆಲವರೂ ತಲೆಯಾಡಿಸಿದರು. ಶಂಭುಲಿಂಗಪ್ಪನವರು ನನ್ನ ತೋಳನ್ನು ಬಹಳ ಹೊತ್ತು ನೋಡಿದರು. ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ನಾನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ ತಾಯಿ ಎಂದು ಚಿಮುಟವನ್ನು ಟವೆಲಿನಲ್ಲಿ ಸುತ್ತಿ ಕುರ್ಚಿಯಲ್ಲಿ ಕೂತುಬಿಟ್ಟರು. ನಾಳೆ ಮತ್ತೆ ಬಿಚ್ಚುತ್ತಾರೋ ಏನೋ ಗೊತ್ತಿಲ್ಲ.

ಹಾಲವ್ವ ಮಾತ್ರ ನನ್ನನ್ನು ಬಿಡಲಿಲ್ಲ.

"ನಿಮಗ ಇದು ಯಾವಾಗ ಗೊತ್ತಾತರೀ ಅಕ್ಕಾರ?"

"ಹೋದ ಬುಧವಾರದ ಹಿಂದಿನ ಬುಧವಾರ. ಹನ್ನೊಂದು ದಿನ ಆಯ್ತು."

"ಮತ್ತ ಹ್ವಾದ ವಾರ ಬಂದು ಪದಾ ಹಾಡಿ ಹೋದ್ರಿ. ಯಾಕ ಹೇಳಲಿಲ್ಲ?"

ಇದ್ದದ್ದನ್ನೇ ಹೇಳಿದೆ. "ಹೇಳಿದ್ರೆ ಎಲ್ಲರೂ ಬರೋದು ನಿಲ್ಲಿಸಿಬಿಡ್ತೀರಿ ಅಂತ. ಆಮೇಲೆ ನನ್ನ ಪದ್ಯ ಕೇಳೋರು ಯಾರು ಅಂತ."

ಹಾಲವ್ವ ಕಣ್ಣು ಅಗಲಿಸಿ ನನ್ನನ್ನು ನೋಡಿದಳು. ಸಿಟ್ಟು ಬರುತ್ತದೆ ಎಂದುಕೊಂಡೆ. ಅವಳಿಗೆ ಬಂದದ್ದು ಆಶ್ಚರ್ಯ. "ಅಯ್ಯ ಯವ್ವಾ, ನಾವು ಪದಾ ಕೇಳಾಕ ಬರ್ತೀವಂತ ಮಾಡೀರೇನು? ಕೈ ನೋವಿಗೆ ಬರ್ತೀವ್ರೀ. ಪದಾ ಪುಕ್ಕಟೆ ಬರ್ತಿತ್ತು, ಕೇಳ್ತಿದ್ವಿ. ಅರ್ಥ ಯಾರಿಗಾಗ್ತಿತ್ತು?"

ಇವರು ನೀರಿನ ಟ್ಯಾಂಕಿನ ಕಡೆ ತಿರುಗಿ ನಿಂತರು. ಬೆನ್ನು ಅಲುಗುತ್ತಿತ್ತು. ಹತ್ತು ದಿನದ ಮೇಲೆ ಇವರಿಗೆ ನಗು ಬಂದಿತ್ತು. ನನಗೂ ಬಂತು, ಕಣ್ಣಲ್ಲಿ ನೀರು ಬರುವಷ್ಟು. ಹಾಲವ್ವ ಯಾಕೆ ನಗುತ್ತೇವೆಂದು ತಿಳಿಯದೆ ನನ್ನ ಕೆನ್ನೆಯನ್ನು ಹತ್ತಿರದಿಂದ ನೋಡಿ, ಉರಿತೈತೇನ್ರೀ ಎಂದು ಕೇಳಿದಳು. ಉರಿಯುತ್ತದೆ ಎಂದೆ. ತನ್ನ ತಂಪಾದ ಅಂಗೈಯನ್ನು ಕೆನ್ನೆಗೆ ಒತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದಳು. ರೊಟ್ಟಿ ಬಡಿದು ಗಟ್ಟಿಯಾದ ಕೈ. ಆಮೇಲೆ, ನಿಮ್ಮ ಡಾಕ್ಟರು ಮಣಿಕಟ್ಟೂ ನೋಡ್ತಾರೇನು ಎಂದಳು. ಅವಳು ನೋಡುವುದಿಲ್ಲ, ನೋಡುವವರ ಹತ್ತಿರ ಕಳಿಸುತ್ತಾಳೆ ಎಂದೆ.

ಸೆಪ್ಟೆಂಬರ್ ೨೨, ಶನಿವಾರ

ಶುಭಾ ಹಾಲವ್ವನನ್ನು ಮೂಳೆಯ ಡಾಕ್ಟರಿಗೆ ಕಳಿಸಿದಳು. ರೊಟ್ಟಿ ಬಡಿಯುವುದು ನಿಲ್ಲಿಸಿ ಎಂದು ಆತ ಅಂದರೆ ಹಾಲವ್ವ, ನೀವು ಬಡೀತೀರೇನು ಎಂದು ಕೇಳಿದಳಂತೆ. ಕೊನೆಗೆ ಪಟ್ಟಿ ಕಟ್ಟಿ ಕಳಿಸಿದ್ದಾರೆ, ಹೊತ್ತಿಗಿಷ್ಟು ಬಿಡುವು ಕೊಟ್ಟು ಬಡಿಯಲು ಒಪ್ಪಂದವಾಗಿದೆ. ಉಲ್ಲಾಳದ ಹುಡುಗಿಯೂ ರಕ್ತ ಕೊಟ್ಟಿದ್ದಾಳೆ.

ಸೆಪ್ಟೆಂಬರ್ ೩೦, ಭಾನುವಾರ

ಎರಡನೆಯ ಪರೀಕ್ಷೆಯ ರಿಪೋರ್ಟು ನಿನ್ನೆ ಸಿಕ್ಕಿತು. ಮೂತ್ರಪಿಂಡಕ್ಕೆ ಸದ್ಯಕ್ಕೆ ಏನೂ ಆಗಿಲ್ಲ. ಸದ್ಯಕ್ಕೆ ಎನ್ನುವುದನ್ನು ಶುಭಾ ಎರಡು ಸಲ ಹೇಳಿದಳು. ತಿಂಗಳಿಗೊಮ್ಮೆ ನೋಡುತ್ತಿರಬೇಕು, ಮಾತ್ರೆ ಬಿಡಬಾರದು, ಈ ಕಾಯಿಲೆ ಮನೆಯಲ್ಲೇ ಇರುತ್ತದೆ, ಗಲಾಟೆ ಮಾಡದ ಹಾಗೆ ನೋಡಿಕೊಳ್ಳಬೇಕು ಅಷ್ಟೆ. ಕೆನ್ನೆಯ ಕೆಂಪು ಒಂದು ಸುತ್ತು ಕಡಿಮೆಯಾಗಿದೆ. ಬೀದಿಯವರು ಕಳೆ ಹೋಯಿತು ಎನ್ನುತ್ತಾರೆ.

ಇವರು ತರಕಾರಿ ತರಲು ಹೋಗಿದ್ದರು. ಕುಕ್ಕರಿನಲ್ಲಿ ಬೇಳೆ ಇಟ್ಟು, ಪರದೆ ಎಳೆದ ಹಾಲಿನಲ್ಲಿ ಕೂತು ಪುಸ್ತಕ ತೆರೆದೆ. ಈ ಎರಡು ತಿಂಗಳು ಅಷ್ಟು ರಾಗವಾಗಿ ಓದಿದ ವನವಾಸದ ಭಾಗವೇ ಬಂತು. ನಿಧಾನಕ್ಕೆ, ಆಲಾಪನೆ ಇಲ್ಲದೆ, ನನಗೊಬ್ಬಳಿಗೇ ಓದುತ್ತಾ ಹೋದೆ. ಒಂದು ಪದ್ಯದ ಆರನೆಯ ಸಾಲಿನಲ್ಲಿ ಒಂದು ಮಾತು ಇದೆ, ಅದರ ಅರ್ಥವನ್ನು ನಾನು ಇಷ್ಟು ದಿನ ತಪ್ಪಾಗಿ ತಿಳಿದಿದ್ದೆ. ಹಾಡುವಾಗ ಅಲ್ಲೇ ಉಸಿರು ತೆಗೆದುಕೊಳ್ಳುತ್ತಿದ್ದೆ, ಮಾತು ಎರಡು ತುಂಡಾಗುತ್ತಿತ್ತು. ಹಿಂದಕ್ಕೆ ಹೋಗಿ ಮತ್ತೆ ಓದಿದೆ. ಆಮೇಲೆ ಮುಂದಿನದು, ಅದರ ಮುಂದಿನದು.

ಇವರು ಚೀಲ ಹಿಡಿದು ಒಳಗೆ ಬಂದು ನೇರ ಅಡುಗೆಮನೆಗೆ ಓಡಿದರು. ಕುಕ್ಕರ್ ಕೂಗುವುದು ಬೀದಿಯ ತುದಿಗೆ ಕೇಳಿಸುತ್ತಿತ್ತಂತೆ. ಎದುರಿಗೇ ಕೂತ ನಿನಗೆ ಕೇಳಿಸಲಿಲ್ಲವಾ ಎಂದರು. ಇಲ್ಲ ಎಂದೆ. ಮುಚ್ಚಳ ತೆಗೆದರೆ ಬೇಳೆ ತಳ ಹಿಡಿದು ಕಪ್ಪಗಾಗಿದೆ. ಮಧ್ಯಾಹ್ನಕ್ಕೆ ಮೊಸರನ್ನ.